ಲೈನಿನ ತುದಿಗೊಂದು ಒರತೆ

ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆ. ವಿಜಾಪುರ ಜಿಲ್ಲೆಯ ಆಲಮೇಲದ ಬಜಾರದಲ್ಲಿ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ನೆರಳಿಗೆಂದು ಒಂದು ಕಿರಾಣಿ ಅಂಗಡಿ ಹೊಕ್ಕೆ. ಕರೆಂಟ್ ಹೋಗಿ ಅರ್ಧ ತಾಸಾಗಿತ್ತು. ಮಾಲೀಕರು ಬಿಸ್ಕೀಟಿನ ಡಬ್ಬಿಯ ರಟ್ಟು ಹರಿದುಕೊಂಡು ಗಾಳಿ ಹಾಕಿಕೊಳ್ಳುತ್ತಿದ್ದರು. ಅವರ ಮಾಳಿಗೆಯ ಮೇಲೆ ಆರು ಸೋಲಾರ್ ಪ್ಲೇಟುಗಳಿದ್ದದ್ದು ನನಗೆ ಗೊತ್ತಿತ್ತು. ಕೇಳಿಯೇ ಬಿಟ್ಟೆ.

‘ಅದನ್ನೇ ನಾನೂ ಕೇಳಾಕತ್ತೀನ್ರಿ ಸರ’ ಅಂದರು. ‘ಮ್ಯಾಲ ಬಿಸಲು ಸುರೀಲಿಕತ್ತದ, ಪ್ಲೇಟು ಕಾದು ಹಂಚ್ ಆಗ್ಯಾವ. ಲೈನ್ ಹ್ವಾದ್ರ ನಮ್ಮ ಫ್ಯಾನೂ ಬಂದ್. ಮನಿಯಾಗ ಬಾವಿ ಇಟಗೊಂಡು ಊರ ನಳಕ್ಕ ಕಾಯ್ದಂಗ ಆತಲ್ರಿ ಇದು?’

ಸೋಲಾರ್ ಹಾಕಿಸಿಕೊಂಡ ನೂರಕ್ಕೆ ತೊಂಬತ್ತು ಮಂದಿ ಕೇಳುವ ಪ್ರಶ್ನೆ ಇದು. ಉತ್ತರ ಲೈನ್‌ಮನ್‌ನ ಜೀವದಲ್ಲಿದೆ. ಕಂಬ ಹತ್ತಿದವನು ಲೈನ್ ಸತ್ತಿದೆ ಅಂದುಕೊಂಡು ತಂತಿ ಮುಟ್ಟುತ್ತಾನೆ. ಆಗ ಯಾರದೋ ಮಾಳಿಗೆಯಿಂದ ಕರೆಂಟ್ ಹಿಮ್ಮುಖವಾಗಿ ಹರಿದರೆ ಅವನ ಗತಿ ಮುಗಿಯಿತು. ಅದಕ್ಕೇ ಲೈನಿಗೆ ಜೋಡಿಸಿದ ಇನ್ವರ್ಟರ್ ಲೈನ್ ಸತ್ತ ಕ್ಷಣವೇ ತಾನೂ ಕಣ್ಣು ಮುಚ್ಚುವಂತೆ ಮಾಡಿರುತ್ತಾರೆ. ಬ್ಯಾಟರಿ ಇಟ್ಟುಕೊಂಡು, ಲೈನಿನಿಂದ ಬೇರ್ಪಡುವ ಸ್ವಿಚ್ ಹಾಕಿಸಿದ್ದರೆ ಮಾತ್ರ ಫ್ಯಾನ್ ತಿರುಗೀತು. ಪ್ಲೇಟು ನಿಮ್ಮದು, ಬಿಸಿಲು ಎಲ್ಲರದು, ಆದರೆ ಇವೆರಡೂ ನಡೆಯುವುದು ಕಂಪನಿಯ ತಂತಿ ಜೀವಂತ ಇದ್ದಾಗ ಮಾತ್ರ. ಊರೂರಿನಲ್ಲಿ ಸಣ್ಣಸಣ್ಣದಾಗಿ ವಿದ್ಯುತ್ ಹುಟ್ಟಬೇಕು ಎಂದು ಎಲ್ಲರೂ ಮಾತಾಡುವ ಈ ಕಾಲದಲ್ಲಿ, ಆ ಮಾತಿನೊಳಗೆ ಬಾರದೆ ಉಳಿಯುವುದು ಈ ತಂತಿಯ ಒಡೆಯ. ನಮ್ಮ ಭಾಗಕ್ಕೆ ಆತ ಹೆಸ್ಕಾಂ, ಅಂದರೆ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿ.

ಇಂಡಿ, ಸಿಂದಗಿ, ಆಲಮೇಲದವರಿಗೆ ವಿದ್ಯುತ್ ಜಾಲವನ್ನು ವಿವರಿಸಲು ಬೇರೆ ಉದಾಹರಣೆ ಬೇಡ. ಇಂಡಿ ಶಾಖಾ ಕಾಲುವೆ ಸಾಕು. ಕಾಲುವೆಯ ತಲೆಯಲ್ಲಿರುವವರಿಗೆ ನೀರು ತುಂಬಿ ಹರಿಯುತ್ತದೆ. ತುದಿಗೆ ಬರುವ ಹೊತ್ತಿಗೆ ಹೂಳು, ಸೋರಿಕೆ, ನಡುವೆ ಹಾಕಿದ ಪೈಪು, ಎಲ್ಲ ಕಳೆದು ಕೆಸರಷ್ಟೇ ಉಳಿದಿರುತ್ತದೆ. ತುದಿಯ ರೈತರು ಪ್ರತಿ ವರ್ಷ ರಸ್ತೆಗಿಳಿಯುವುದು ಈ ಕೆಸರಿಗಾಗಿ. ಕರೆಂಟಿನದೂ ಇದೇ ಹಾಡು. ಬಸವನ ಬಾಗೇವಾಡಿ ಕಡೆಯ ಕೂಡಗಿಯಲ್ಲಿ ಎನ್‌ಟಿಪಿಸಿಯ 2400 ಮೆಗಾವಾಟ್ ಉಷ್ಣ ಸ್ಥಾವರವಿದೆ. 800ರ ಮೂರು ಘಟಕಗಳು. ಆಲಮಟ್ಟಿ ಅಣೆಕಟ್ಟೆಯ ಕೆಳಗೆ 290 ಮೆಗಾವಾಟ್ ಜಲವಿದ್ಯುತ್ ಇದೆ. ಒಂದೇ ಜಿಲ್ಲೆಯಲ್ಲಿ ಇಷ್ಟು ಹುಟ್ಟಿದರೂ ಅದು ನೇರ ನಮ್ಮ ಹೊಲಕ್ಕೆ ಬರುವುದಿಲ್ಲ. ಎತ್ತರದ ಗೋಪುರದ ಲೈನ್ ಹತ್ತಿ ದೂರ ಹೋಗುತ್ತದೆ, ಕೂಡಗಿಯದು ದಕ್ಷಿಣದ ಹಲವು ರಾಜ್ಯಗಳಿಗೆ ಹಂಚಿಹೋಗುತ್ತದೆ. ನಮ್ಮ ಪಾಲು 220, 110, 33 ಎಂದು ಮೆಟ್ಟಿಲಿಳಿಯುತ್ತ 11 ಕೆವಿ ಫೀಡರಿಗೆ ಬಂದು, ಅಲ್ಲಿಂದ ಹೊಲದ ಬದುವಿನ ಟಿಸಿಗೆ (ಟ್ರಾನ್ಸ್‌ಫಾರ್ಮರಿಗೆ) ಇಳಿದು, ಆಮೇಲೆ ಮೋಟರಿಗೆ. ಇಳಿಯುವ ಮೆಟ್ಟಿಲಿಗೊಂದು ಸೋರಿಕೆ. ಎರೆ ಮಣ್ಣಿನಲ್ಲಿ ನೆಟ್ಟ ಕಂಬ ಮಳೆಗಾಲಕ್ಕೊಮ್ಮೆ ವಾಲುತ್ತದೆ, ಬೇಸಿಗೆಗೊಮ್ಮೆ ಮಣ್ಣು ಬಿರಿದು ಇನ್ನೊಂದು ಕಡೆ ವಾಲುತ್ತದೆ. ಫೀಡರಿನ ತುದಿಯಲ್ಲಿ ವೋಲ್ಟೇಜ್ ಬಿದ್ದು ಮೋಟರು ನರಳುತ್ತದೆ. ನರಳುವ ಮೋಟರು ಹೆಚ್ಚು ಕರೆಂಟ್ ಎಳೆಯುತ್ತದೆ. ವೈಂಡಿಂಗ್ ಸುಡುತ್ತದೆ. ವೈಂಡಿಂಗ್ ಅಂಗಡಿಯವನಷ್ಟೇ ಇದರಲ್ಲಿ ಸುಖಿ.

ಈಗ ಯೋಚಿಸಿ, ಕಾಲುವೆಯ ತುದಿಯಲ್ಲೇ ಒಂದು ಒರತೆ ಎದ್ದರೆ? ತುದಿಯವನ ಬಾಯಾರಿಕೆ ನೀಗುವುದಷ್ಟೇ ಅಲ್ಲ, ತಲೆಯವನ ಮೇಲಿನ ಒತ್ತಡವೂ ಇಳಿಯುತ್ತದೆ, ಕಾಲುವೆಯ ಏರಿಯೂ ಉಳಿಯುತ್ತದೆ. ಮಾಳಿಗೆಯ ಪ್ಲೇಟು, ಸಬ್‌ಸ್ಟೇಷನ್ ಪಕ್ಕದ ಎರಡು ಮೆಗಾವಾಟ್ ಸೌರ ಘಟಕ, ಸಕ್ಕರೆ ಕಾರ್ಖಾನೆಯ ಸಹವಿದ್ಯುತ್ ಇವೆಲ್ಲ ಅಂಥ ಒರತೆಗಳು. ಆದರೆ ಒರತೆ ಎದ್ದ ಕೂಡಲೇ ಕಾಲುವೆಯವನಿಗೆ ಕೆಲಸ ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ. ಮೇಲಿನಿಂದ ಕೆಳಗೆ ಮಾತ್ರ ಹರಿದು ರೂಢಿಯಾದ ನೀರು ಈಗ ಅಡ್ಡಡ್ಡ ಹರಿಯಲು ಶುರುವಾಗುತ್ತದೆ. ತೂಬು ಯಾವಾಗ ತೆಗೆಯಬೇಕು, ಯಾರ ಲೆಕ್ಕಕ್ಕೆ ಎಷ್ಟು ಬರೆಯಬೇಕು, ಏರಿ ಎಲ್ಲಿ ಒಡೆದೀತು, ಎಲ್ಲ ಹೊಸದಾಗಿ ಕಲಿಯಬೇಕು.

ನಮ್ಮ ವಿದ್ಯುತ್ ಕಂಪನಿಗಳು ಹುಟ್ಟಿದ್ದು ಈ ಕಲಿಕೆಗಾಗಿ ಅಲ್ಲ. ವಿಜಾಪುರ ಜಿಲ್ಲೆ ಮುಂಬೈ ಪ್ರಾಂತದಿಂದ ಮೈಸೂರು ರಾಜ್ಯಕ್ಕೆ ಬಂದ ಮರುವರ್ಷ, 1957ರಲ್ಲಿ, ರಾಜ್ಯಕ್ಕೊಂದು ವಿದ್ಯುತ್ ಮಂಡಳಿ ಬಂತು. ಹಿರಿಯರ ಬಾಯಲ್ಲಿ ಇವತ್ತಿಗೂ ಅದು ‘ಕೆಇಬಿ’. 1999ರಲ್ಲಿ ಮಂಡಳಿ ಹೋಗಿ ಕೆಪಿಟಿಸಿಎಲ್ ಆಯಿತು, 2002ರ ಜೂನ್ ಒಂದಕ್ಕೆ ವಿತರಣೆಯ ಕೆಲಸ ಹೆಸ್ಕಾಂನಂಥ ಕಂಪನಿಗಳಿಗೆ ಬಂತು. ಹೆಸರು ಬದಲಾಗುತ್ತ ಬಂದರೂ ಕಸುಬು ಒಂದೇ. ದೂರದಿಂದ ಸಗಟು ಕೊಂಡು ತಂದು ಇಲ್ಲಿ ಚಿಲ್ಲರೆ ಮಾರುವುದು. ಯೂನಿಟ್ ಮಾರಿದರೆ ಹೊಟ್ಟೆ ತುಂಬುವ ಅಂಗಡಿ ಅದು. ಗಿರಾಕಿಯೇ ಮನೆಯಲ್ಲಿ ಯೂನಿಟ್ ಬೆಳೆದುಕೊಳ್ಳುತ್ತೇನೆ, ಹೆಚ್ಚಾದದ್ದನ್ನು ನಿನಗೇ ಮಾರುತ್ತೇನೆ ಅಂದರೆ ಅಂಗಡಿಕಾರ ನಕ್ಕು ಚಹಾ ಕೊಡುತ್ತಾನೆಂದು ನಿರೀಕ್ಷಿಸುವುದು ಹೇಗೆ? (ಹೆಸ್ಕಾಂ ಸೀಮೆಯಲ್ಲೇ ಒಂದು ಅಪವಾದವಿದೆ. ಹುಕ್ಕೇರಿಯಲ್ಲಿ 1969ರಿಂದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವೇ ತಾಲ್ಲೂಕಿಗೆ ಕರೆಂಟ್ ಹಂಚುತ್ತದೆ. ರಾಜ್ಯದಲ್ಲಿ ಅಂಥದ್ದು ಅದೊಂದೇ. ಗಿರಾಕಿಗಳೇ ಮಾಲೀಕರಾದ ಅಂಗಡಿ. ಇಂಥ ಪ್ರಯೋಗಕ್ಕೆ ಅದಕ್ಕಿಂತ ಹದವಾದ ನೆಲ ನನಗೆ ಕಾಣುವುದಿಲ್ಲ.)

ಹಾಗೆಂದು ಸ್ಥಳೀಯ ವಿದ್ಯುತ್ ಆಲಮೇಲಕ್ಕೆ ಹೊಸದಲ್ಲ. ಊರಿನ ಕೆಪಿಆರ್ ಸಕ್ಕರೆ ಕಾರ್ಖಾನೆಗೆ ಸಹವಿದ್ಯುತ್ ಘಟಕವಿದೆ. ನವೆಂಬರಿನಲ್ಲಿ ಕಬ್ಬು ಹೊತ್ತ ಟ್ರ್ಯಾಕ್ಟರುಗಳು ಸಾಲುಗಟ್ಟಿ, ಹಿಂದಿನ ಟ್ರೇಲರಿನಿಂದ ಮಕ್ಕಳು ಜಲ್ಲೆ ಎಳೆಯುವ ದಿನಗಳಲ್ಲಿ, ಹಿಂಡಿ ಉಳಿದ ಸಿಪ್ಪೆ ಬಾಯ್ಲರಿಗೆ ಹೋಗುತ್ತದೆ. ನೂರು ಟನ್ ಕಬ್ಬಿಗೆ ಮೂವತ್ತು ಟನ್ನಿನ ಆಸುಪಾಸು ಸಿಪ್ಪೆ. ಅದರ ಉಗಿಯಿಂದ ಕಾರ್ಖಾನೆಯೂ ನಡೆಯುತ್ತದೆ, ಟರ್ಬೈನೂ ತಿರುಗುತ್ತದೆ, ಮಿಕ್ಕ ವಿದ್ಯುತ್ ಹೊರಗೆ ಹೋಗುತ್ತದೆ. ಇಂಡಿ ತಾಲ್ಲೂಕಿನ ಕಾರ್ಖಾನೆಗಳ ಕಥೆಯೂ ಇದೇ. ನಾವು ಸೌರವಿದ್ಯುತ್ ಎಂದು ಆಕಾಶ ನೋಡುವಾಗ ಮರೆಯುವುದು ಇದನ್ನು. ಬಿಸಿಲಿನ ಕರೆಂಟು ಸಂಜೆ ಆರಕ್ಕೆ ಮನೆಗೆ ಹೋಗುತ್ತದೆ. ಸಿಪ್ಪೆಯ ಕರೆಂಟಿಗೆ ಹಗಲು ರಾತ್ರಿ ಇಲ್ಲ, ಕಬ್ಬು ನುರಿಯುವ ಐದಾರು ತಿಂಗಳು ಅದು ನಿಲ್ಲುವುದೂ ಇಲ್ಲ. ಸಂಜೆ ಏಳರಿಂದ ಹತ್ತರವರೆಗೆ ಇಡೀ ರಾಜ್ಯ ಕರೆಂಟಿಗೆ ಬಾಯಿಬಿಡುವ ಹೊತ್ತಿನಲ್ಲಿ ಸೌರ ಸೊನ್ನೆ, ಸಿಪ್ಪೆ ಪೂರ್ತಿ. ಎರಡೂ ಒಂದೇ ಊರಿನಲ್ಲಿವೆ. ಹಗಲಿಗೆ ಒಂದು, ರಾತ್ರಿಗೆ ಒಂದು ಎಂದು ಹೊಂದಿಸಿ ನೇಯುವವನು ಬೇಕು. ಆ ಮಗ್ಗ ಕಂಪನಿಯ ಹತ್ತಿರ ಮಾತ್ರ ಇದೆ.

ನೇಯುವ ಬದಲು ನಾವು ಮಾಡಿದ್ದೇನು? ಬೇಕಾದಾಗ ಕೈ ಹಿಡಿದು ಎಳೆಯುವುದು, ಬೇಡವಾದಾಗ ದರದ ಜಗಳ. 2023ರಲ್ಲಿ ಮಳೆ ಕೈಕೊಟ್ಟು ಜಲಾಶಯಗಳು ಬರಿದಾದಾಗ, ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಕಲಂ ಎತ್ತಿಕೊಂಡು, ರಾಜ್ಯದೊಳಗಿನ ಉತ್ಪಾದಕರು ಹೊರಗೆ ಮಾರದೆ ನಮಗೇ ಕೊಡಬೇಕು ಎಂದು ಆದೇಶಿಸಿತು. ಆಪತ್ತಿನಲ್ಲಿ ಅದು ಸರಿಯೇ. ಆದರೆ ಆಪತ್ತಿಗೆ ನೆನಪಾಗುವ ನೆಂಟನನ್ನು ಒಳ್ಳೆಯ ದಿನಗಳಲ್ಲೂ ಮಾತಾಡಿಸಬೇಕಲ್ಲ.

ಇನ್ನು ಹೊಲದ ಮಾತು. ನಮ್ಮಲ್ಲಿ ವಿದ್ಯುತ್ ಅಂದರೆ ಹೆಚ್ಚಿನ ಪಾಲು ಪಂಪ್‌ಸೆಟ್. 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ರಾಜ್ಯದಲ್ಲಿ ಬಿಲ್ಲಿಲ್ಲ. ಆ ದುಡ್ಡನ್ನು ಸರ್ಕಾರ ಕಂಪನಿಗಳಿಗೆ ಕಟ್ಟಿಕೊಡುತ್ತದೆ, ವರ್ಷಕ್ಕೆ ಹತ್ತು ಸಾವಿರ ಕೋಟಿ ರೂಪಾಯಿಗೂ ಮೀರಿ. ಬಿಲ್ಲಿಲ್ಲದ ಕರೆಂಟಿಗೆ ಬೆಲೆ ಬೇರೆ ರೂಪದಲ್ಲಿ ಬೀಳುತ್ತದೆ, ಹೊತ್ತಿನ ರೂಪದಲ್ಲಿ. ದಿನಕ್ಕೆ ಏಳು ತಾಸು ತ್ರೀ ಫೇಜ್ ಅನ್ನುತ್ತಾರೆ. ಆ ಏಳರಲ್ಲಿ ಎಷ್ಟು ಹಗಲು, ಎಷ್ಟು ರಾತ್ರಿ ಎಂಬುದೇ ಸಂಸಾರದ ಪ್ರಶ್ನೆ. ರಾತ್ರಿ ಒಂದಕ್ಕೆ ಲೈನ್ ಬಂದರೆ ಗಂಡಸು ಹೆಗಲಿಗೆ ಟಾವೆಲ್, ಕೈಯಲ್ಲಿ ಬ್ಯಾಟರಿ, ಕಾಲಿಗೆ ಗಮ್‌ಬೂಟ್ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಆಳೆತ್ತರದ ಕಬ್ಬಿನ ನಡುವೆ ಮಡಿಗೆ ನೀರು ತಿರುವುತ್ತ ನಿಂತವನಿಗೆ ಕಾಲ ಬಳಿ ಸರಿದದ್ದು ನೀರೋ ಹಾವೋ ಗೊತ್ತಾಗುವುದು ಕಚ್ಚಿದ ಮೇಲೆಯೇ. ಕೆಲವರು ಆಟೋ ಸ್ಟಾರ್ಟರ್ ಹಾಕಿ ಮಲಗುತ್ತಾರೆ. ಎಲ್ಲರೂ ಹಾಗೆ ಮಾಡಿದ್ದರಿಂದ ಲೈನ್ ಬಂದ ಕೂಡಲೇ ಅಷ್ಟೂ ಮೋಟರು ಒಟ್ಟಿಗೆ ಎದ್ದು, ಟಿಸಿ ಹೊಗೆಯಾಡುತ್ತದೆ. ಆಮೇಲೆ ಎಂಟು ದಿನ ಯಾರ ಹೊಲಕ್ಕೂ ನೀರಿಲ್ಲ.

ಈ ಗಂಟಿಗೆ ಒಂದು ಒಳ್ಳೆಯ ಕತ್ತರಿ ಸಿಕ್ಕಿದೆ. ಅದನ್ನು ಹಿಡಿಯಬೇಕಾದವರು ಕಂಪನಿಯವರು. ಹದಿನೈದು ವರ್ಷಗಳ ಹಿಂದೆ ನಿರಂತರ ಜ್ಯೋತಿ ಎಂಬ ಯೋಜನೆಯಲ್ಲಿ ಹಳ್ಳಿಯ ಮನೆಗಳ ಫೀಡರ್ ಬೇರೆ, ಪಂಪ್‌ಸೆಟ್ಟಿನ ಫೀಡರ್ ಬೇರೆ ಎಂದು ತಂತಿ ಸೀಳಿದರು. ಆಗ ಅದರ ಲಾಭ ಮನೆಗೆ ಇಡೀ ದಿನ ಬೆಳಕು ಎಂದಷ್ಟೇ ತಿಳಿದಿದ್ದೆವು. ಈಗ ಅದರ ಇನ್ನೊಂದು ಲಾಭ ಕಣ್ಣಿಗೆ ಬೀಳುತ್ತಿದೆ. ಬರೀ ಪಂಪ್‌ಸೆಟ್ಟುಗಳೇ ಇರುವ ಫೀಡರಿಗೆ, ಅದು ಹೊರಡುವ ಸಬ್‌ಸ್ಟೇಷನ್ನಿನ ಹತ್ತಿರವೇ ಅಷ್ಟು ಗಾತ್ರದ ಸೌರ ಘಟಕ ಕಟ್ಟಿ ಜೋಡಿಸಿದರೆ, ಹೊಲಕ್ಕೆ ಹಗಲು ಹೊತ್ತಿನಲ್ಲೇ ಕರೆಂಟ್ ಕೊಡಬಹುದು. ಲೆಕ್ಕ ಸರಳ. ಏಳೂವರೆ ಎಚ್‌ಪಿ ಅಂದರೆ ಐದೂವರೆ ಕಿಲೋವಾಟ್ ಚಿಲ್ಲರೆ. ಅಂಥ ಮುನ್ನೂರು ಮೋಟರಿನ ಫೀಡರಿಗೆ ಎರಡು ಮೆಗಾವಾಟಿನ ಒಳಗಿನ ಭಾರ. ಮೆಗಾವಾಟಿಗೆ ನಾಲ್ಕೈದು ಎಕರೆ ಜಾಗ ಸಾಕು. ಕೇಂದ್ರದ ಪಿಎಂ-ಕುಸುಮ್ ಯೋಜನೆ 2019ರಲ್ಲಿ ಬಂದಾಗ ಇದು ಅದರಲ್ಲಿ ಇರಲಿಲ್ಲ. 2020ರ ಕೊನೆಗೆ ಸೇರಿತು. ನಮ್ಮಲ್ಲಿ ಕುಸುಮ್-ಸಿ ಎಂದು ಕರೆಯುವುದು ಇದನ್ನೇ. ಮೆಗಾವಾಟಿಗೆ 1.05 ಕೋಟಿ ರೂಪಾಯಿವರೆಗೆ ಕೇಂದ್ರದ ನೆರವು, 25 ವರ್ಷ ಆ ವಿದ್ಯುತ್ ಕೊಳ್ಳುವ ಕರಾರು ವಿದ್ಯುತ್ ಕಂಪನಿಯದು. ಕರ್ನಾಟಕದಲ್ಲಿ 2025ರ ಜೂನ್ ತಿಂಗಳಲ್ಲಿ ಗೌರಿಬಿದನೂರು ತಾಲ್ಲೂಕಿನಲ್ಲಿ ಮುಖ್ಯಮಂತ್ರಿಗಳು ಇಂಥ ಘಟಕಕ್ಕೆ ಚಾಲನೆ ಕೊಟ್ಟರು. ಜಮೀನು ಕೊಡುವ ರೈತರಿಗೆ ಎಕರೆಗೆ ವರ್ಷಕ್ಕೆ 25,000 ರೂಪಾಯಿ ಬಾಡಿಗೆ.

ಎರೆ ಹೊಲ, ಕಬ್ಬಿನ ಹೊಲ ಇದಕ್ಕೆ ಕೊಡಬಾರದು. ಕೊಡುವುದೂ ಇಲ್ಲ. ಆದರೆ ನಮ್ಮಲ್ಲಿ ಮಡ್ಡಿ ಎಷ್ಟಿಲ್ಲ? ಕುಂಟೆ ಹೊಡೆದರೆ ಕಲ್ಲು ಸಿಡಿಯುವ, ಮುಂಗಾರು ಚೆನ್ನಾಗಿ ಬಂದರೆ ಒಂದಿಷ್ಟು ಸಜ್ಜೆಯನ್ನೋ ಹುರುಳಿಯನ್ನೋ ಕೊಡುವ ನೆಲ. ಅಂಥ ನೆಲ ಬಿಸಿಲು ಬೆಳೆದರೆ ಯಾರಿಗೂ ನಷ್ಟವಿಲ್ಲ.

ಇಲ್ಲಿ ಭೀಮೆಯ ಆಚೆ ದಂಡೆಯನ್ನು ನೋಡಬೇಕು. ಆಲಮೇಲದಿಂದ ಹೊಳೆ ದಾಟಿ ಸೊಲ್ಲಾಪುರದ ಕಡೆ ಹೋದರೆ ಕನ್ನಡ ಮಾತಾಡುವ ಹಳ್ಳಿಗಳೇ ಸಿಗುತ್ತವೆ, ಸರ್ಕಾರ ಮಾತ್ರ ಬೇರೆ. ಮಹಾರಾಷ್ಟ್ರ 2017ರಲ್ಲೇ ಮುಖ್ಯಮಂತ್ರಿ ಸೌರ ಕೃಷಿ ವಾಹಿನಿ ಯೋಜನೆ ಶುರು ಮಾಡಿ, 2023ರಲ್ಲಿ ಅದನ್ನು ದೊಡ್ಡದಾಗಿ ಮತ್ತೆ ಎತ್ತಿಕೊಂಡಿತು. ಅಲ್ಲಿ ಬಾಡಿಗೆ ಹೆಕ್ಟೇರಿಗೆ ವರ್ಷಕ್ಕೆ 1.25 ಲಕ್ಷ, ಅಂದರೆ ಎಕರೆಗೆ 50,000. ವರ್ಷವರ್ಷ ಶೇ 3ರಷ್ಟು ಏರುತ್ತದೆ. ಒಂದೇ ಹೊಳೆ, ಒಂದೇ ಬಿಸಿಲು, ಒಂದೇ ಮಡ್ಡಿ. ಈ ದಂಡೆಗೆ ಅರ್ಧ ಬೆಲೆ ಯಾಕೆ ಎಂದು ನಮ್ಮ ರೈತ ಕೇಳಿದರೆ ತಪ್ಪೇನು? ಅಲ್ಲಿ ಇದಕ್ಕೆಂದೇ ಒಂದು ಪ್ರತ್ಯೇಕ ಕಂಪನಿ ಕಟ್ಟಿದ್ದಾರೆ. ಬಾಡಿಗೆಗಿಂತ ಇದು ದೊಡ್ಡ ಮಾತು. ನೂರು ಕೆಲಸದ ನಡುವಿನ ನೂರಾ ಒಂದನೆಯದಾಗಿ ಇದನ್ನು ಶಾಖಾಧಿಕಾರಿಯ ತಲೆಗೆ ಕಟ್ಟಿದರೆ ಅದು ಕಡತದಲ್ಲೇ ಬೆಳೆಯುತ್ತದೆ.

ಘಟಕ ಕಟ್ಟಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಬಜಾರದ ಅಂಗಡಿಯ ಫ್ಯಾನಿನ ಕಥೆ ಇಲ್ಲೂ ಇದೆ. ಸಬ್‌ಸ್ಟೇಷನ್ನಿನಲ್ಲಿ ಲೈನ್ ಸತ್ತರೆ ಪಕ್ಕದ ಎರಡು ಮೆಗಾವಾಟೂ ಸತ್ತಂತೆ. ಬಿಸಿಲು ಅಷ್ಟೂ ಮಡ್ಡಿಗೆ ಬಿದ್ದು ಹೋಗುತ್ತದೆ. ಹಗಲು ಹತ್ತರಿಂದ ನಾಲ್ಕರವರೆಗೆ ಆ ಫೀಡರನ್ನು ಏನೇ ಆದರೂ ಜೀವಂತ ಇಡುತ್ತೇನೆ ಎಂಬುದು ಕಂಪನಿ ಕೊಡಬೇಕಾದ ಮೊದಲ ಮಾತು. ರಿಪೇರಿ, ಗಿಡ ಕಡಿಯುವುದು, ಎಲ್ಲ ಬೆಳಗಿನ ಜಾವಕ್ಕೋ ಸಂಜೆಗೋ ಹೋಗಬೇಕು. ಮಾಳಿಗೆಯ ಕಡೆ ಇದರ ಉಲ್ಟಾ ಸಮಸ್ಯೆ. ಒಂದೇ ಟಿಸಿಯ ಕೆಳಗೆ ಹತ್ತು ಮನೆಯವರು ಪ್ಲೇಟು ಹಾಕಿ, ಮಟಮಟ ಮಧ್ಯಾಹ್ನ ಯಾರೂ ಕರೆಂಟ್ ಬಳಸದಿದ್ದರೆ ವೋಲ್ಟೇಜ್ ಏರುತ್ತ ಹೋಗುತ್ತದೆ. 250ರ ಆಚೆ ಹೋದರೆ ಇನ್ವರ್ಟರ್ ತಾನೇ ಬಂದ್ ಆಗುತ್ತದೆ. ಮಾಲೀಕ ಪ್ಲೇಟು ಮಾರಿದವನನ್ನು ಬೈಯುತ್ತಾನೆ. ದೋಷ ಪ್ಲೇಟಿನದಲ್ಲ. ಟಿಸಿಯ ಟ್ಯಾಪನ್ನು ಒಂದು ಮೆಟ್ಟಿಲು ಇಳಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ಅದಕ್ಕೆ ಆ ಟಿಸಿಗೆ ಮೀಟರ್ ಇರಬೇಕು, ಮೀಟರಿನ ಲೆಕ್ಕವನ್ನು ಯಾರಾದರೂ ಓದಬೇಕು. ಪಂಪ್‌ಸೆಟ್ಟಿಗೆ ಮೀಟರ್ ಅಂದರೆ ನಮ್ಮ ರೈತರು ಕೋಲು ಹಿಡಿಯುತ್ತಾರೆ. ಇರಲಿ, ಮೋಟರಿಗೆ ಬೇಡ. ಟಿಸಿಗೆ ಹಾಕಿ. ಎಷ್ಟು ಬಂತು, ಎಷ್ಟು ಹೋಯಿತು ಎಂದು ತಿಳಿಯದವನು ಒರತೆಯ ನೀರನ್ನು ಯಾರ ಲೆಕ್ಕಕ್ಕೆ ಬರೆದಾನು?

ನಂಬಿಕೆಯ ಮಾತನ್ನೂ ಆಡಿಬಿಡೋಣ. ಸೋಲಾರ್ ವಿಷಯದಲ್ಲಿ ಕರ್ನಾಟಕದ ರೈತನಿಗೆ ಒಂದು ಹಳೆಯ ಗಾಯವಿದೆ. 2014ರ ಸೌರ ನೀತಿಯಲ್ಲಿ, ಸ್ವಂತ ಜಮೀನಿದ್ದ ರೈತರು 1ರಿಂದ 3 ಮೆಗಾವಾಟ್ ಘಟಕ ಕಟ್ಟಬಹುದು ಎಂದರು. ಯೂನಿಟ್ಟಿಗೆ 8.40 ರೂಪಾಯಿ, 25 ವರ್ಷ. ಹಲವರು ಪಾಲುದಾರರನ್ನು ಹುಡುಕಿ, ಸಾಲ ಮಾಡಿ ಇಳಿದರು. ಕೃಷಿ ಜಮೀನನ್ನು ಪರಿವರ್ತಿಸಲು ಕಚೇರಿಯಿಂದ ಕಚೇರಿಗೆ ಅಲೆದಾಟ, ಲೈನ್ ಜೋಡಿಸಲು ಒಪ್ಪಿಗೆಗೆ ಕಾಯುವುದು. ಗಡುವು ದಾಟಿತು. ವಿದ್ಯುತ್ ಕಂಪನಿಗಳೇ ಸಮಯ ವಿಸ್ತರಿಸಿ ಕೊಟ್ಟವು. ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ಅದನ್ನು ಒಪ್ಪಲಿಲ್ಲ. ತಡವಾಯಿತು, ಹಾಗಾಗಿ ದರ 4.36 ಎಂದಿತು. ಅರ್ಧಕ್ಕರ್ಧ. ಬ್ಯಾಂಕಿನ ಸಾಲ ಮಾತ್ರ ಪೂರ್ತಿಗೆ ಪೂರ್ತಿ. ಪ್ರಕರಣಗಳು ಮೇಲ್ಮನವಿ ನ್ಯಾಯಮಂಡಳಿಗೆ ಹೋಗಿ, ಹಿರೇಹಳ್ಳಿಯ ಒಂದು ಘಟಕದ ಪ್ರಕರಣದಲ್ಲಿ 2024ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಘಟಕದವರ ಪರ ನಿಂತಿತು. ನ್ಯಾಯ ಸಿಕ್ಕಿತು, ಹತ್ತು ವರ್ಷಕ್ಕೆ. ಮನೆ ಮಾಳಿಗೆಯವರಿಗೂ ಇಂಥದೇ ಅನುಭವ. 2013ರಲ್ಲಿ ಆಯೋಗ ಸಬ್ಸಿಡಿ ಪಡೆಯದ ಮಾಳಿಗೆಯ ಯೂನಿಟ್ಟಿಗೆ 9.56 ರೂಪಾಯಿ ನಿಗದಿ ಮಾಡಿತ್ತು. ಈಗ ಹೊಸದಾಗಿ ಹಾಕಿಸುವವರಿಗೆ ಅದರ ಅರ್ಧವೂ ಇಲ್ಲ. ಪ್ಲೇಟಿನ ಬೆಲೆ ಇಳಿದಿದೆ, ದರವೂ ಇಳಿಯಲಿ, ಸರಿ. ಆದರೆ ಕೊಟ್ಟ ದರವನ್ನು ಕಾಗದ ಒಣಗುವ ಮುಂಚೆ ಕಿತ್ತುಕೊಳ್ಳುವ ಊರಿನಲ್ಲಿ ಯಾರು ಬಂಡವಾಳ ಬಿತ್ತುತ್ತಾರೆ?

ಹಾಗಂತ ಕಂಪನಿಯ ಸಂಕಟವನ್ನು ನಾವು ನೋಡದೆ ಇರಬಾರದು. ಹೆಚ್ಚು ಬಿಲ್ ಕಟ್ಟುವ ಕಾರ್ಖಾನೆ, ಆಸ್ಪತ್ರೆ, ಕಲ್ಯಾಣ ಮಂಟಪಗಳೇ ಮೊದಲು ಸೋಲಾರ್ ಹಾಕಿಕೊಳ್ಳುವುದು. ಅವರು ಕೊಡುತ್ತಿದ್ದ ಹೆಚ್ಚಿನ ದರದಿಂದಲೇ ಬಡವನ ದರ ಇಳಿದಿತ್ತು. ಅವರು ಹೋದರು, ಕಂಬ, ತಂತಿ, ಲೈನ್‌ಮನ್ ಸಂಬಳ ಮಾತ್ರ ಉಳಿಯಿತು. ರಾತ್ರಿ ಅವರಿಗೂ ಅದೇ ತಂತಿ ಬೇಕು. ಶ್ರೀಮಂತ ನಾಡುಗಳಲ್ಲೂ ಈ ಜಗಳ ಆಗಿದೆ. ಅಮೆರಿಕದ ಹವಾಯಿ 2015ರಲ್ಲಿ ಹೊಸಬರಿಗೆ ನೆಟ್ ಮೀಟರಿಂಗ್ (ಕೊಂಡ ಯೂನಿಟ್ಟಿನಲ್ಲಿ ಕೊಟ್ಟದ್ದನ್ನು ಕಳೆಯುವ ಲೆಕ್ಕ) ಬಾಗಿಲು ಮುಚ್ಚಿತು, ಕ್ಯಾಲಿಫೋರ್ನಿಯಾ 2023ರ ಏಪ್ರಿಲಿನಿಂದ ಮಾಳಿಗೆಯ ಯೂನಿಟ್ಟಿನ ಬೆಲೆಯನ್ನು ಬಹಳವಾಗಿ ತಗ್ಗಿಸಿತು. ನನ್ನ ಅಭಿಪ್ರಾಯ ಇಷ್ಟು: ಕಂಪನಿಗೆ ಯೂನಿಟ್ ಮಾರಿದ್ದಕ್ಕೆ ದುಡ್ಡು ಕೊಡುವುದನ್ನು ಕಡಿಮೆ ಮಾಡಿ, ತಂತಿಯನ್ನು ಚೆನ್ನಾಗಿಟ್ಟದ್ದಕ್ಕೆ ಕೊಡಬೇಕು. ಎಷ್ಟು ತಾಸು ಲೈನ್ ನಿಂತಿತ್ತು, ಎಷ್ಟು ಟಿಸಿ ಸುಟ್ಟವು, ಎಷ್ಟು ಸ್ಥಳೀಯ ವಿದ್ಯುತ್ತನ್ನು ತಡೆಯಿಲ್ಲದೆ ಒಳಗೆ ಬಿಟ್ಟುಕೊಂಡರು ಎಂಬುದರ ಮೇಲೆ ಆಯೋಗ ಅವರ ಲಾಭ ತೂಗಲಿ. ಸಂತೆಕರ ವಸೂಲು ಮಾಡುವವನಿಗೆ ಸಂತೆಯಲ್ಲಿ ಯಾರ ಮಾಲು ಮಾರಾಟವಾದರೂ ಒಂದೇ. ಸಂತೆ ನಡೆದರಾಯಿತು.

ಇನ್ನೊಂದು ವಿಚಿತ್ರವಿದೆ. 2024ರ ಫೆಬ್ರುವರಿಯಲ್ಲಿ ಕೇಂದ್ರ ಪಿಎಂ ಸೂರ್ಯಘರ್ ಯೋಜನೆ ತಂದಿತು. ಎರಡು ಕಿಲೋವಾಟಿನವರೆಗೆ ಕಿಲೋವಾಟಿಗೆ 30,000, ಮೂರು ಕಿಲೋವಾಟಿಗೆ ಒಟ್ಟು 78,000 ರೂಪಾಯಿ ಸಬ್ಸಿಡಿ. ಅದಕ್ಕೆ ಏಳೆಂಟು ತಿಂಗಳ ಮುಂಚೆಯೇ ರಾಜ್ಯ ಗೃಹಜ್ಯೋತಿ ತಂದಿತ್ತು. ತಿಂಗಳಿಗೆ 50–60 ಯೂನಿಟ್ ಸುಡುವ ಆಲಮೇಲದ ಮನೆಗೆ ಬಿಲ್ ಸೊನ್ನೆ. ಸೊನ್ನೆ ಬಿಲ್ಲಿನವನು ಯಾಕೆ ಸಾಲ ಮಾಡಿ ಪ್ಲೇಟು ಹಾಕಿಸಿಯಾನು? ಎರಡೂ ಒಳ್ಳೆಯ ಯೋಜನೆಗಳೇ, ಒಂದರ ಕಾಲು ಒಂದು ತುಳಿಯುತ್ತಿವೆ. ಇದನ್ನು ಬಿಡಿಸುವ ದಾರಿ ಕೇಂದ್ರದ ಮಾರ್ಗಸೂಚಿಯಲ್ಲೇ ಇದೆ. ಗಿರಾಕಿಗಳ ಪರವಾಗಿ ವಿದ್ಯುತ್ ಕಂಪನಿಯೇ ಮಾಳಿಗೆಗಳ ಮೇಲೆ ಪ್ಲೇಟು ಹಾಕಿಸಬಹುದು ಎಂದು 2024ರ ಡಿಸೆಂಬರಿನಲ್ಲಿ ಅವಕಾಶ ಕೊಟ್ಟಿದ್ದಾರೆ. ರಾಜ್ಯ ಪ್ರತಿ ತಿಂಗಳು ಆ ಮನೆಯ ಪರವಾಗಿ ಕಟ್ಟುವ ಮುನ್ನೂರು ಚಿಲ್ಲರೆ ರೂಪಾಯಿಯನ್ನು ಏಳೆಂಟು ವರ್ಷದ್ದು ಒಟ್ಟಿಗೆ ಹಾಕಿದರೆ, ಕೇಂದ್ರದ ಸಬ್ಸಿಡಿ ಕಳೆದು ಒಂದು ಕಿಲೋವಾಟ್ ಪ್ಲೇಟಿನ ಖರ್ಚು ಹೆಚ್ಚುಕಡಿಮೆ ಹುಟ್ಟುತ್ತದೆ. ಲೆಕ್ಕ ನನ್ನದು, ಅಂಗಡಿಯ ಚೀಟಿಯ ಹಿಂದೆ ಹಾಕಿದ್ದು. ಆದರೂ ಪ್ಲೇಟು 25 ವರ್ಷ ಬಾಳುತ್ತದೆ, ತಿಂಗಳಿಗೆ ನೂರು ಯೂನಿಟ್ ದಾಟಿ ಕೊಡುತ್ತದೆ ಎಂಬುದು ನೆನಪಿರಲಿ. ಮಿಕ್ಕದ್ದು ಕಂಪನಿಗೆ.

ನಮ್ಮ ಹಳೆಯ ಮೇಲ್ಮುದ್ದೆ ಮನೆಗಳ ಮಾತು ಬೇರೆ. ಮಣ್ಣಿನ ಮಾಳಿಗೆಗೆ ಬೋಲ್ಟು ಹೊಡೆದರೆ ಮೊದಲ ಮಳೆಗೆ ಅಟ್ಟ ಸೋರುತ್ತದೆ. ಅಂಥವರಿಗೆ ದೆಹಲಿಯ ವಿದ್ಯುತ್ ಆಯೋಗ 2019ರಲ್ಲೇ ಒಂದು ದಾರಿ ತೋರಿಸಿದೆ. ಪ್ಲೇಟು ಬೇರೆಲ್ಲೋ, ಸಾಲೆಯ ಮಾಳಿಗೆಯ ಮೇಲೋ ಊರ ಖಾಲಿ ಜಾಗದಲ್ಲೋ ಇರಲಿ, ಅದರ ಯೂನಿಟ್ಟುಗಳನ್ನು ಪಾಲುದಾರರ ಬಿಲ್ಲುಗಳಿಗೆ ಹಂಚುವುದು. ಲೆಕ್ಕಪತ್ರದ ಕೆಲಸ ಅಷ್ಟೇ, ಲೆಕ್ಕ ಬರೆಯುವವನು ಒಪ್ಪಬೇಕು.

ನೀರಿನ ಬಗ್ಗೆ ಒಂದು ಹೆದರಿಕೆಯನ್ನು ಹೇಳದೆ ಮುಗಿಸಲಾರೆ. ಹಗಲಿಡೀ ಪುಕ್ಕಟೆ ಕರೆಂಟ್ ಅಂದರೆ ಬೋರಿನ ತಳ ಕಾಣುವವರೆಗೆ ಎತ್ತುವ ಆಸೆ ಹುಟ್ಟುತ್ತದೆ. ಗುಜರಾತಿನ ಖೇಡಾ ಜಿಲ್ಲೆಯ ಢುಂಡಿಯಲ್ಲಿ ಆರು ರೈತರು 2016ರಲ್ಲಿ ಸೌರ ಪಂಪುಗಳ ಸಹಕಾರ ಸಂಘ ಕಟ್ಟಿ, ಮಿಕ್ಕ ವಿದ್ಯುತ್ತನ್ನು ಅಲ್ಲಿಯ ವಿದ್ಯುತ್ ಕಂಪನಿಗೆ ಯೂನಿಟ್ಟಿಗೆ 4.63 ರೂಪಾಯಿಯಂತೆ 25 ವರ್ಷಕ್ಕೆ ಮಾರುವ ಕರಾರು ಮಾಡಿಕೊಂಡರು. ನೀರು ಎತ್ತದೆ ಬಿಟ್ಟ ಪ್ರತಿ ತಾಸಿಗೂ ಅವರಿಗೆ ಬೆಲೆ ಸಿಗುತ್ತದೆ. ನಮ್ಮಲ್ಲೂ ಕನಕಪುರದ ಹಾರೋಬೆಲೆ ಸುತ್ತ ‘ಸೂರ್ಯರೈತ’ ಎಂದು ಇದೇ ತರಹದ ಪ್ರಯೋಗ ಮುನ್ನೂರಷ್ಟು ಪಂಪ್‌ಸೆಟ್ಟಿಗೆ ನಡೆಯಿತು. ರಾಜ್ಯಕ್ಕೆಲ್ಲ ಹಬ್ಬಲಿಲ್ಲ. ಕಬ್ಬಿನವರಿಗೆ ಇದು ರುಚಿಸಲಾರದು, ಕಬ್ಬು ನೀರು ಬಿಟ್ಟು ಬದುಕುವ ಬೆಳೆಯಲ್ಲ. ಆದರೆ ಇಂಡಿ, ಆಲಮೇಲದ ಲಿಂಬೆ ತೋಟದವರಿಗೆ, ಹನಿ ನೀರಾವರಿಯಲ್ಲಿ ದಿನಕ್ಕೆ ಎರಡು ತಾಸು ಮೋಟರು ಸಾಕಾದವರಿಗೆ, ಇದು ಹೇಳಿ ಮಾಡಿಸಿದ್ದು. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಲಿಂಬೆಯ ಜೊತೆ ಅವರು ಬಿಸಿಲನ್ನೂ ಮಾರಿಯಾರು.

ಕೊನೆಗೆ ಮಾಳಿಗೆಗೆ ಪ್ಲೇಟು ಹಾಕಿಸಬೇಕೆಂದಿರುವ ಓದುಗರಿಗೆ ಒಂದು ಮಾತು. 2024ರ ಫೆಬ್ರುವರಿಯಲ್ಲಿ ತಿದ್ದುಪಡಿಯಾದ ಗ್ರಾಹಕ ಹಕ್ಕುಗಳ ನಿಯಮದ ಪ್ರಕಾರ 10 ಕಿಲೋವಾಟ್‌ವರೆಗಿನ ಅರ್ಜಿಗೆ ತಾಂತ್ರಿಕ ಪರಿಶೀಲನೆಯ ನೆಪ ಹೇಳುವಂತಿಲ್ಲ. ಅದಕ್ಕಿಂತ ದೊಡ್ಡದಾದರೆ 15 ದಿನದಲ್ಲಿ ಪರಿಶೀಲನೆ ಮುಗಿಸಬೇಕು, ಮುಗಿಸದಿದ್ದರೆ ಒಪ್ಪಿಗೆ ಸಿಕ್ಕಂತೆಯೇ. 5 ಕಿಲೋವಾಟ್‌ವರೆಗೆ ಟಿಸಿ, ಲೈನ್ ಬಲಪಡಿಸಬೇಕಾಗಿ ಬಂದರೆ ಅದರ ಖರ್ಚು ಕಂಪನಿಯದು, ನಿಮ್ಮದಲ್ಲ. ಹೋಗುವ ಮುಂಚೆ ನಿಮ್ಮ ಓಣಿಯ ಟಿಸಿಯ ಮೈಮೇಲೆ ಬರೆದ ಕೆವಿಎ ಎಷ್ಟೆಂದು ನೋಡಿಕೊಂಡು ಹೋಗಿ. ಆಗ ಕೌಂಟರಿನ ಆಚೆ ಇರುವವರು ನಿಮ್ಮ ಜೊತೆ ಬೇರೆ ದನಿಯಲ್ಲಿ ಮಾತಾಡುತ್ತಾರೆ. ಅರ್ಜಿ ಕೊಟ್ಟ ಮೇಲೆ ತಾರೀಖು, ಸಹಿ, ಸಿಕ್ಕಾ ಇರುವ ಸ್ವೀಕೃತಿ ಪಡೆಯದೆ ಆ ಕಚೇರಿಯ ಮೆಟ್ಟಿಲು ಇಳಿಯಬೇಡಿ.